ಬೇಸ್‌ಮೆಂಟ್‌ಗೆ ನೀರು ಬಂತು ಅಂತ ‘ಫ್ರೀ ಇನ್ಸ್‌ಪೆಕ್ಷನ್’ನವರನ್ನು ಕರೆಯುವ ಮುಂಚೆ ಇದನ್ನು ಓದಿ

ಬೇಸ್‌ಮೆಂಟ್ ಇರುವ ಮನೆಯವರು ದಯವಿಟ್ಟು ಪೂರ್ತಿ ಓದಿ. ನಮ್ಮದು 1,10,000 ರೂಪಾಯಿ ಹೋಗಿದೆ. ಅಷ್ಟು ಕೊಟ್ಟ ಮೇಲೂ ನೀರು ಬರುವುದು ನಿಲ್ಲಲಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ 30×40 ಸೈಟಿನ ಮನೆ. ಕೆಳಗೆ ಅರ್ಧ ಬೇಸ್‌ಮೆಂಟ್, ಗಾಡಿ ನಿಲ್ಲಿಸೋಕೆ. ಈ ಮಳೆಗಾಲದಲ್ಲಿ ಗೋಡೆ ಮತ್ತು ನೆಲ ಸೇರುವ ಕಡೆ ನೀರು ಜಿನುಗತೊಡಗಿತು. ಬಣ್ಣ ಉಬ್ಬಿತು, ಗೋಡೆಯಿಂದ ಬಿಳಿ ಉಪ್ಪು ಪುಡಿಪುಡಿಯಾಗಿ ಉದುರತೊಡಗಿತು. ಪಿಲ್ಲರ್ ಪಕ್ಕದಲ್ಲಿ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಬಿರುಕು. ಫೋನಲ್ಲಿ ಹುಡುಕಿ ಒಂದು ವಾಟರ್‌ಪ್ರೂಫಿಂಗ್ ಕಂಪನಿಗೆ ಕರೆ ಮಾಡಿದೆ. ಇನ್ಸ್‌ಪೆಕ್ಷನ್ ಫ್ರೀ ಅಂದರು.

ಬಂದವನು ಇಂಜಿನಿಯರ್ ಅಂತೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಮಾಯಿಶ್ಚರ್ ಮೀಟರ್. ಅದರ ಎರಡು ಮುಳ್ಳನ್ನು ಗೋಡೆಗೆ ಚುಚ್ಚಿದ. ಬೀಪ್ ಬೀಪ್ ಅಂತ ಕೂಗಿತು, ಕೆಂಪು ಲೈಟು ಹತ್ತಿತು. “ನೋಡಿ ಮೇಡಂ, ಪಾಯಕ್ಕೇ ನೀರು ಇಳಿದಿದೆ. ಫೌಂಡೇಶನ್ ಕೂತ್ಕೊಳ್ತಾ ಇದೆ. ಇದು ಸ್ಟ್ರಕ್ಚರಲ್ ಕ್ರ್ಯಾಕ್. ಇನ್ನೊಂದು ಮಳೆಗಾಲ ತಡೆಯಲ್ಲ” ಅಂದ. ಪಕ್ಕದಲ್ಲೇ ನಮ್ಮ ಮಾವ ನಿಂತಿದ್ದರು. ಎಂಬತ್ತು ದಾಟಿದ ಮನುಷ್ಯ, ತಮ್ಮ ಪಿಎಫ್ ದುಡ್ಡಲ್ಲಿ ಕಟ್ಟಿಸಿದ ಮನೆ. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಇದಕ್ಕೇ ನನಗೆ ಜಾಸ್ತಿ ಸಿಟ್ಟು.

ಆ ಮೀಟರ್ ಬಗ್ಗೆ ಆಮೇಲೆ ತಿಳಿಯಿತು. ಅಂಥ ಮುಳ್ಳಿನ ಮೀಟರ್ ಲೆಕ್ಕ ಇಟ್ಟಿರುವುದು ಮರಕ್ಕೆ. ಗೋಡೆಯಲ್ಲಿ ಉಪ್ಪಿದ್ದರೆ ಇರುವುದಕ್ಕಿಂತ ಜಾಸ್ತಿ ತೇವ ತೋರಿಸುತ್ತದೆ. ಅದೂ ಹೋಗಲಿ, ಗೋಡೆ ಒದ್ದೆ ಇದೆ ಅಂತ ಹೇಳೋಕೆ ಮೀಟರ್ ಯಾಕೆ? ನಮ್ಮ ಕಣ್ಣಿಗೇ ಕಾಣುತ್ತಿತ್ತಲ್ಲ! ನೀರು ಎಲ್ಲಿಂದ ಬರುತ್ತಿದೆ ಅನ್ನೋದು ತಾನೇ ಗೊತ್ತಾಗಬೇಕಿದ್ದದ್ದು? ಅದನ್ನು ಅವನು ನೋಡಲೇ ಇಲ್ಲ. ಸಂಪ್ ಎಲ್ಲಿದೆ ಅಂತ ಕೇಳಲಿಲ್ಲ. ಒಳಚರಂಡಿ ಚೇಂಬರ್ ಮುಚ್ಚಳ ತೆಗೆಯಲಿಲ್ಲ. ತಾರಸಿ ನೀರಿನ ಪೈಪು ಎಲ್ಲಿಗೆ ಬಿಟ್ಟಿದ್ದೀರಿ ಅಂತಲೂ ಕೇಳಲಿಲ್ಲ. ಸೀದಾ ಕೊಟೇಶನ್.

1,40,000 ರೂಪಾಯಿ. ಪಿಯು ಗ್ರೌಟಿಂಗ್ (ಗೋಡೆಗೆ ತೂತು ಕೊರೆದು ಪಾಲಿಯುರೆಥೇನ್ ಕೆಮಿಕಲ್ ತುಂಬೋದು), ಒಳಗಡೆ ಕೋಟಿಂಗ್, ಹತ್ತು ವರ್ಷ ವಾರಂಟಿ. 70,000 ಅಡ್ವಾನ್ಸ್, ಕೆಲಸ ಶುರುವಾದ ಮೇಲೆ 40,000. ಬಿಲ್ ಕೇಳಿದರೆ “ಫೈನಲ್ ಪೇಮೆಂಟ್ ಆದ್ಮೇಲೆ ಮೇಡಂ”. ಯುಪಿಐ ಹೋಗಿದ್ದು ಯಾರದೋ ಸ್ವಂತ ಖಾತೆಗೆ.

ಇಬ್ಬರು ಹುಡುಗರು ಬಂದರು. ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು, ನಳಿಗೆ ಸಿಕ್ಕಿಸಿ, ಪಂಪಲ್ಲಿ ಕೆಮಿಕಲ್ ತುಂಬಿದರು. ಅಲ್ಲಲ್ಲಿ ನೊರೆ ಉಕ್ಕಿ ಬಂತು. ಮೇಲೊಂದು ಕೋಟಿಂಗ್ ಬಳಿದರು. ಇಂಜಿನಿಯರ್ ಈ ಕಡೆ ತಲೆಯನ್ನೂ ಹಾಕಲಿಲ್ಲ. ಸ್ವಲ್ಪ ದಿನ ಗೋಡೆ ಒಣಗಿದ ಹಾಗೆ ಕಂಡಿತು. ಆಮೇಲೆ ತೂತು ಕೊರೆದ ಜಾಗದಿಂದ ಮೂರಡಿ ಆಚೆ ನೀರು! ಹೊಸ ಕೋಟಿಂಗ್ ಹಪ್ಪಳದ ಹಾಗೆ ಎದ್ದು ಬಂತು.

ಅವರ ಉತ್ತರಗಳನ್ನು ಕೇಳಿ. ಮೊದಲು, “ಅದು ಒಳಗಿರೋ ಹಳೇ ತೇವ ಮೇಡಂ, ಹೊರಗೆ ಬರ್ತಾ ಇದೆ, ಮೂರು ತಿಂಗಳು ಕಾಯಿರಿ.” ಆಮೇಲೆ, “ಅದು ಬೇರೆ ಸ್ಪಾಟ್, ವಾರಂಟಿ ಇರೋದು ನಾವು ಇಂಜೆಕ್ಟ್ ಮಾಡಿರೋ ಜಾಗಕ್ಕೆ ಮಾತ್ರ.” ಇನ್ನೊಂದು ಸಲ, “ವಾರಂಟಿ ಕೆಮಿಕಲ್‌ಗೆ, ಲೀಕೇಜ್‌ಗಲ್ಲ.” ಕೆಮಿಕಲ್ ಇಟ್ಟುಕೊಂಡು ನಾನೇನು ಮಾಡಲಿ? ಜೋರಾಗಿ ಕೇಳಿದಾಗ, “ನಿಮ್ಗೆ ಟೆಕ್ನಿಕಲ್ ಅರ್ಥ ಆಗಲ್ಲ, ಯಜಮಾನ್ರಿಗೆ ಫೋನ್ ಕೊಡಿ” ಅಂದ. ದುಡ್ಡು ಕಳಿಸಿದ್ದು ನಾನು. ಆಗ ಯಜಮಾನರು ಬೇಕಿರಲಿಲ್ಲ.

ಇನ್ಸ್‌ಪೆಕ್ಷನ್ ರಿಪೋರ್ಟ್ ಕೊಡಿ ಅಂತ ಪಟ್ಟು ಹಿಡಿದೆ. ವಾಟ್ಸ್ಯಾಪಲ್ಲಿ ಪಿಡಿಎಫ್ ಬಂತು. ತೆರೆದರೆ ಅದರಲ್ಲಿ ನೀಲಿ ಟೈಲ್ಸ್ ಹಾಕಿದ ಗೋಡೆಯ ಫೋಟೋ. ನಮ್ಮ ಮನೆಯಲ್ಲಿ ನೀಲಿ ಟೈಲ್ಸೇ ಇಲ್ಲ! ಯಾರದೋ ಮನೆ ಗೋಡೆ, ಕೆಳಗೆ ನಮ್ಮ ಹೆಸರು. ಮೈಯೆಲ್ಲ ಬಿಸಿಯಾಯಿತು. ಇದನ್ನು ಮಾವನಿಗೆ ಹೇಗೆ ತೋರಿಸಲಿ ಅಂತ ತುಂಬಾ ಹೊತ್ತು ಹಾಗೇ ಕೂತಿದ್ದೆ. ಕೇಳಿದರೆ “ಫಾರ್ಮ್ಯಾಟ್ ಒಂದೇ ಮೇಡಂ, ಫೋಟೋ ಮಿಸ್ ಆಗಿದೆ” ಅಂತೆ. ಪಾಯ ಕೂತಿದೆ ಅಂತ ಹೆದರಿಸಿದ್ದು ಯಾರ ಮನೆ ನೋಡಿ ಹಾಗಾದರೆ?

ಕೊನೆಗೆ ಪಕ್ಕದ ಬೀದಿಯ ಹಳೇ ಮೇಸ್ತ್ರಿಯನ್ನು ಕರೆದೆವು. ಅಷ್ಟು ಹೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಅವರು ಬಂದವರೇ ಗೋಡೆ ಮುಟ್ಟಿ, “ಅಕ್ಕಾ, ಮಳೆ ನಿಂತ್ರೂ ನೀರು ಬರ್ತಿದೆ ಅಂದ್ರೆ ಇದು ಮನೇದೇ ನೀರು. ಸಂಪ್ ಎಲ್ಲಿದೆ?” ಅಂದರು. ಸಂಪ್ ಇರುವುದು ಅದೇ ಗೋಡೆಯ ಆಚೆ, ಗೇಟಿನ ಹತ್ತಿರ. ತುಂಬಾ ನೀರು ತುಂಬಿಸಿ, ಕಾವೇರಿ ನೀರು ಬರುವ ವಾಲ್ವ್ ಮುಚ್ಚಿಸಿ, ಮೋಟಾರ್ ಹಾಕಬೇಡಿ ಅಂದು, ನೀರಿನ ಮಟ್ಟಕ್ಕೆ ಗುರುತು ಹಾಕಿ ಹೋದರು. ಬೆಳಗ್ಗೆ ನಾಲ್ಕು ಬೆರಳು ಇಳಿದಿತ್ತು.

ಸಂಪ್ ಖಾಲಿ ಮಾಡಿದೆವು. ಗೋಡೆ ಒಣಗತೊಡಗಿತು. ಮೋಟಾರ್ ಪೈಪು ಸಂಪಿನ ಗೋಡೆ ತೂರಿಕೊಂಡು ಹೋಗುವ ಕಡೆ ಸಿಮೆಂಟು ಬಿಟ್ಟಿತ್ತು, ಅಷ್ಟೇ. ಮಳೆಗಾಲದಲ್ಲಿ ಸುತ್ತಲ ಮಣ್ಣೂ ನೆನೆದಿದ್ದರಿಂದ ಆ ನೀರು ಕೆಳಗೆ ಇಂಗದೆ ಗೋಡೆಗೆ ಬಂದಿದೆ. ಒಳಗಡೆಯಿಂದ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ದಾರಿ ಮಾಡಿಕೊಂಡಿದೆ. ಕೆತ್ತಿ, ಗಟ್ಟಿ ಗಾರೆ ತುಂಬಿ, ಸಂಪಿನ ಒಳಗೆಲ್ಲ ಕೋಟಿಂಗ್ ಮಾಡಿದ್ದಕ್ಕೆ ಸಾಮಾನು ಸೇರಿ 18,000 ಆಯಿತು.

ಇನ್ನು ಆ ಬಿರುಕು. ಕಾಂಕ್ರೀಟ್ ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಸಂದು ಅದು. ಅಲ್ಲಿ ಕೋಳಿ ಜಾಲರಿ (ತೆಳು ತಂತಿ ಬಲೆ) ಹೊಡೆಯದೆ ಪ್ಲಾಸ್ಟರ್ ಮಾಡಿದರೆ ಹೀಗೇ ಬಿರುಕು ಬಿಡುತ್ತದಂತೆ. ಪಾಯ ಕೂತರೆ ಸಾಮಾನ್ಯವಾಗಿ ಬಿರುಕು ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಒಂದು ತುದಿಯಲ್ಲಿ ಅಗಲ ಜಾಸ್ತಿ ಇರುತ್ತದೆ, ಬಾಗಿಲು ಕಿಟಕಿ ಬಿಗಿಯಾಗುತ್ತವೆ. ಮೇಸ್ತ್ರಿ ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಚೂರು ಅಂಟಿಸಿ ತಾರೀಕು ಬರೆದಿದ್ದಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಇವತ್ತಿಗೂ ಒಡೆದಿಲ್ಲ. ಮಾವ ದಿನಾ ಹೋಗಿ ನೋಡಿಕೊಂಡು ಬರುತ್ತಾರೆ.

ನೀರಿನ ಮೂಲ ತೋರಿಸದೆ ರೇಟು ಹೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ನಲ್ಲಿಗಳನ್ನೆಲ್ಲ ಮುಚ್ಚಿ, ಸಂಪಿಗೆ ನೀರು ಬೀಳೋದನ್ನೂ ನಿಲ್ಲಿಸಿ ನೀರಿನ ಮೀಟರ್ ತಿರುಗುತ್ತಾ ನೋಡಿ, ಸಂಪಿಗೆ ಗುರುತು ಹಾಕಿ ನೋಡಿ. ಖರ್ಚೇ ಇಲ್ಲ. ಪಾಯ ಕೂತಿದೆ ಅಂದರೆ ಗ್ರೌಟಿಂಗ್ ಮಾರದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ಕೇಳಿ. ವಾರಂಟಿ ಯಾವುದಕ್ಕೆ ಅಂತ ಮೊದಲೇ ಬರೆಸಿಕೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹಾಕುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ದೂರು ಹೋದ ಮೇಲೆ ಆ ಕಂಪನಿಯಿಂದ ಒಂದು ಮೆಸೇಜ್ ಬಂದಿದೆ. ಬಾಕಿ 30,000 ಕಟ್ಟಿದರೆ “ಗುಡ್‌ವಿಲ್ ಮೇಲೆ” ಇನ್ನೊಂದು ಸಲ ಬಂದು ನೋಡುತ್ತಾರಂತೆ. ಕೊಡಲ್ಲ. ಕೊಟ್ಟ 1,10,000 ವಾಪಸ್ ಬರುವ ತನಕ ಬಿಡೋದೂ ಇಲ್ಲ.