ದಾವಣಗೆರೆ ಕೆಎಎಸ್ ಕೋಚಿಂಗ್: ಪಾಠ ಸೂಪರ್, ನೋಟ್ಸ್ ಸುಮಾರು

ಪಿಜೆ ಬಡಾವಣೆ ಕಡೆ ಇರೋ ಕೋಚಿಂಗ್ ಇದು, ವೀಕೆಂಡ್ ಬ್ಯಾಚು. ಅಂತಾರಾಷ್ಟ್ರೀಯ ಸಂಬಂಧ ಪಾಠಕ್ಕಂತೂ ಕಣ್ಮುಚ್ಚಿ ಸೇರ್ಕೋಬಹುದು. ಮೇಷ್ಟ್ರು ಭಾಷಣ ಬಿಗಿಯಲ್ಲ, ನೇರ 1994ರ ಭಾರತ-ಯುರೋಪ್ ಸಹಕಾರ ಒಪ್ಪಂದದ ಮೊದಲನೇ ಕಲಮೇ ಓದಿಸಿದ್ರು, ಸಹಕಾರಕ್ಕೆ ಆಧಾರಾನೇ ಮಾನವ ಹಕ್ಕಿಗೆ ಗೌರವ ಅಂತ ಅದರಲ್ಲೇ ಐತೆ ನೋಡಿ. 1995ರಿಂದ ಯುರೋಪಿನವರು ಬೇರೆ ದೇಶಗಳ ಜೊತೆ ಮಾಡ್ಕೊಳ್ಳೋ ಒಪ್ಪಂದಗಳಲ್ಲಿ ಇದನ್ನ ಮಾಮೂಲಿಯಾಗಿ ಸೇರಿಸ್ತಾರೆ, ಮುರಿದ್ರೆ ಒಪ್ಪಂದಾನೇ ಅಮಾನತು ಮಾಡೋ ದಾರಿ ಇರತ್ತೆ, ಆದ್ರೆ ಆ ಮಟ್ಟಕ್ಕೆ ಹೋಗೋದು ಅಪರೂಪ ಬಿಡಿ, ವ್ಯಾಪಾರ ಯಾರಿಗೆ ಬೇಡ!

2009ರಲ್ಲಿ ಲಿಸ್ಬನ್ ಒಪ್ಪಂದ (ಯುರೋಪ್ ಒಕ್ಕೂಟ ಹೇಗೆ ನಡೀಬೇಕು ಅಂತ ಹೇಳೋ ಒಪ್ಪಂದ) ಜಾರಿಯಾದ್ಮೇಲೆ ವ್ಯಾಪಾರ ಒಪ್ಪಂದಕ್ಕೆ ಯುರೋಪ್ ಒಕ್ಕೂಟದ ಪಾರ್ಲಿಮೆಂಟ್ ಒಪ್ಪಿಗೆ ಬೇಕೇ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸರ್ಕಾರ ಸಹಿ ಹಾಕಿದ್ರೆ ಮುಗೀತು, ಜಾರಿಗೆ ಕಾನೂನು ಬೇಕಾದ್ರೆ ಮಾತ್ರ ಸಂವಿಧಾನದ 253ನೇ ವಿಧಿ ಹಿಡ್ಕೊಂಡು ಸಂಸತ್ತಿಗೆ ಹೋಗ್ತಾರೆ. ಇದು ಸರೀನಾ ಅಂತ ಕ್ಲಾಸಲ್ಲಿ ಶುರುವಾದ ಜಗಳ ಬೆಣ್ಣೆ ದೋಸೆ ಹೋಟ್ಲು ತನಕ ಹೋಯ್ತು, ನನ್ ಪ್ರಕಾರ ಸಂಸತ್ತು ಮೊದಲೇ ನೋಡ್ಬೇಕು.

ನೋಟ್ಸ್ ಮಾತ್ರ ಮಸುಕು ಜೆರಾಕ್ಸು, ಅದೂ ಅರ್ಧ ಇಂಗ್ಲಿಷು. ಫೀಸ್ ಕಂತಲ್ಲಿ ಕಟ್ಬಹುದು, ಕೇಳಿದ್ರೆ ಕೊಡ್ತಾರೆ. 5ಕ್ಕೆ 4.