ಮೂರು ಗಣೇಶನ ಹಬ್ಬ ಕಂಡ ಪುಟ್ಟ ಕಂಪ್ರೆಸರ್

ತುಮಕೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಮಣ್ಣಿನ ಗಣಪತಿಗಳಿಗೆ ಬಣ್ಣ ಹಾಕಲೆಂದು, ಗಾಳಿಯನ್ನು ಒತ್ತಿ ಕೊಡುವ ಈ ಕಂಪ್ರೆಸರ್ ಕೊಂಡ ಮೇಲೆ ಮೂರು ಹಬ್ಬಗಳು ಕಳೆದವು. ಎಣ್ಣೆ ಬೇಡದ, ಒಂದೇ ಪಿಸ್ಟನ್ನಿನ ಯಂತ್ರ. ಅಡಿಯಲ್ಲಿ 3 ಲೀಟರಿನ ಟ್ಯಾಂಕ್. ಒತ್ತಡ 4 ಬಾರ್ ಮುಟ್ಟಿದಾಗ ತಾನೇ ನಿಲ್ಲುತ್ತದೆ, 3 ಬಾರ್‌ಗೆ ಇಳಿದಾಗ ತಾನೇ ಶುರುವಾಗುತ್ತದೆ. ಗಾಳಿಯಿಂದ ಬಣ್ಣ ಸಿಂಪಡಿಸುವ 0.3 ಮಿಲಿಮೀಟರ್ ಮೂತಿಯ ಏರ್‌ಬ್ರಷ್‌ಗೆ ನಾನು ಇಡುವುದು 20 ಪಿಎಸ್‌ಐ ಆಸುಪಾಸು, ಅಂದರೆ ಸುಮಾರು 1.4 ಬಾರ್. ಅಷ್ಟಕ್ಕೆ ಗಾಳಿ ಸಾಲದೆ ಹೋದದ್ದು ಒಮ್ಮೆಯೂ ಇಲ್ಲ. ಟ್ಯಾಂಕ್ ಇಲ್ಲದ ಅಗ್ಗದ ಯಂತ್ರದಲ್ಲಿ ಗಾಳಿ ಮಿಡಿಯುತ್ತದೆ; ಸೊಂಡಿಲಿನ ಮಡಿಕೆಗೆ ನೆರಳು ಕೊಡುವಾಗ ಆ ಮಿಡಿತ ಬಣ್ಣದಲ್ಲಿ ಕಾಣುತ್ತದೆ. ಸ್ವಲ್ಪ ಹೆಚ್ಚು ಹಣ ಹೋದರೂ ಟ್ಯಾಂಕ್ ಇರುವುದನ್ನೇ ಕೊಳ್ಳಿ.

ಎರಡನೆಯ ವರ್ಷ, ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಕೈಕೊಟ್ಟಿತು. ಟ್ಯಾಂಕ್ ಖಾಲಿ ಇದ್ದಾಗ ಸ್ವಿಚ್ ಹಾಕಿದರೆ ಚೆನ್ನಾಗಿ ಓಡುತ್ತಿತ್ತು. ಒಮ್ಮೆ ತುಂಬಿ ನಿಂತ ಮೇಲೆ ಮತ್ತೆ ಶುರುವಾಗಬೇಕಾದ ಹೊತ್ತಿಗೆ ಮೋಟರ್ ಗುಂಯ್‌ಗುಟ್ಟುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ, ಮುಟ್ಟಲಾಗದಷ್ಟು ಕಾಯುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದರೆ, ಮೋಟರ್ ಸುಟ್ಟಿದೆ, ಹೊಸದು ಕೊಳ್ಳಿ ಎಂದರು. ಕಣ್ಣಿಂದ ನೋಡದೆ ಹಾಗೆ ಹೇಳಿದ್ದು ನನಗೆ ಈಗಲೂ ಬೇಸರ.

ಶಿರಾ ಗೇಟ್ ಕಡೆಯ ಒಂದು ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ದಿನವಿಡೀ ಬೋರ್‌ವೆಲ್ ಮೋಟರ್‌ಗಳ ನಡುವೆ ಕೂರುವ ಯಜಮಾನರು ಮೊದಲು ಮೂಸಿ ನೋಡಿದರು, ಆಮೇಲೆ ಕೆಪಾಸಿಟರ್ ಪರೀಕ್ಷಿಸಿದರು. "ಸುಟ್ಟ ವಾಸನೆಯೇ ಇಲ್ಲವಲ್ಲ ಸ್ವಾಮಿ. ಖಾಲಿ ಇದ್ದಾಗ ಓಡುತ್ತದೆ ಎಂದರೆ ಮೋಟರ್ ಸರಿಯಾಗಿಯೇ ಇದೆ. ಪಿಸ್ಟನ್ ತಲೆಯ ಮೇಲೆ ಗಾಳಿ ಕೂತಿದೆ, ಅದನ್ನು ನೋಡಿಕೊಳ್ಳಿ" ಎಂದರು. ಹಣ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಕಿವಿಗೊಟ್ಟು ಕೇಳಿದೆ. ಯಂತ್ರ ನಿಂತ ಕೂಡಲೇ ಒತ್ತಡ ನೋಡಿ ಮೋಟರನ್ನು ನಿಲ್ಲಿಸಿ ಶುರುಮಾಡುವ ಪ್ರೆಷರ್ ಸ್ವಿಚ್ಚಿನಿಂದ 'ಪುಸ್' ಎಂದು ಸ್ವಲ್ಪ ಗಾಳಿ ಹೋಗುವುದು ಸರಿಯೇ. ಪಿಸ್ಟನ್ ಮೇಲೆ ಉಳಿದ ಒತ್ತಡ ಇಳಿದು, ಮುಂದಿನ ಸಲ ಮೋಟರ್ ಹಗುರವಾಗಿ ಎದ್ದೇಳಲೆಂದೇ ಆ ಏರ್ಪಾಡು. ನನ್ನದರಲ್ಲಿ ಆ ಪುಸ್ ಮುಗಿಯುತ್ತಲೇ ಇರಲಿಲ್ಲ. ಸಣ್ಣಗೆ ಎಳೆಯುತ್ತಲೇ ಇತ್ತು, ಗೇಜಿನ ಮುಳ್ಳು ಇಳಿಯುತ್ತಲೇ ಇತ್ತು. ಅಂದರೆ ಟ್ಯಾಂಕಿನ ಗಾಳಿ, ಅದನ್ನು ಹಿಂದಕ್ಕೆ ಬಿಡದೆ ತಡೆಯಬೇಕಾದ ಚೆಕ್ ವಾಲ್ವ್ ದಾಟಿ ಪಿಸ್ಟನ್ ಕಡೆಗೆ ಬರುತ್ತಿದೆ.

ಪ್ಲಗ್ ಕಿತ್ತು, ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಸ್ಪ್ಯಾನರ್ ಹಿಡಿದೆ. ಇದರಲ್ಲಿ ಅವಸರ ಖಂಡಿತ ಬೇಡ. ವಾಲ್ವಿನೊಳಗೆ ಒಂದು ತೆಳು ಸ್ಪ್ರಿಂಗ್, ಹುಣಸೆಬೀಜದಷ್ಟು ಕಪ್ಪು ರಬ್ಬರ್ ಬಿಲ್ಲೆ. ಬಿಲ್ಲೆಯ ಅಂಚಿಗೆ ಕೂದಲಿನಂತಹ ಬಿಳಿ ಎಳೆ ಅಂಟಿತ್ತು: ಟೆಫ್ಲಾನ್ ಟೇಪಿನ ಚೂರು! ಹಿಂದೊಮ್ಮೆ ಸೋರಿಕೆ ನಿಲ್ಲಿಸಲು ನಾನೇ ಪೈಪಿನ ತಿರುಪಿನ ಸುತ್ತುಗಳ ತುದಿಯವರೆಗೂ ಟೇಪ್ ಸುತ್ತಿದ್ದೆ. ಉಗುರಿನಿಂದ ಎಳೆ ತೆಗೆದು, ಬಿಲ್ಲೆಯನ್ನು ಒರೆಸಿ, ಈ ಸಲ ತಿರುಪಿನ ಮೊದಲ ಸುತ್ತನ್ನು ಬರಿದಾಗಿ ಬಿಟ್ಟು ಟೇಪ್ ಸುತ್ತಿದೆ. ಸೋಪಿನ ನೀರು ಹಚ್ಚಿದರೆ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಯಂತ್ರ ನಿಂತಾಗ ಚಿಕ್ಕದೊಂದು ಪುಸ್, ಆಮೇಲೆ ನಿಶ್ಶಬ್ದ. ಆ ರಾತ್ರಿ ಹನ್ನೊಂದರವರೆಗೆ ಬಣ್ಣ ಹಾಕಿದೆ.

ಮಳೆಗಾಲದಲ್ಲಿ ಇನ್ನೊಂದು ಕಾಟ ನೀರಿನದು. ಒತ್ತಿದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಾಗ ತೇವ ಹನಿಯಾಗುತ್ತದೆ. ಕಣ್ಣು ಬರೆಯುವಾಗ ಒಂದು ಹನಿ ಸಿಡಿದರೂ ಮುಖ ಕೆಟ್ಟಂತೆ. ದಿನವೂ ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ತಿರುಪು ಸಡಿಲಿಸಿ ನೀರು ಬಸಿಯುತ್ತೇನೆ. ಆ ತಿರುಪನ್ನು ಬೆರಳು ಹೋಗದ ಜಾಗದಲ್ಲಿಟ್ಟಿರುವುದು ಈ ಯಂತ್ರದ ದೊಡ್ಡ ಕೊರತೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮೊದಲು ಖಾಲಿ ಟ್ಯಾಂಕ್ ತುಂಬಲು ಒಂದೂವರೆ ನಿಮಿಷ ಸಾಕಾಗುತ್ತಿತ್ತು, ಈಗ ಎರಡೂಕಾಲು ಬೇಕು. ಎಲ್ಲಿಯೂ ಸೋರಿಕೆ ಇಲ್ಲ, ಆದ್ದರಿಂದ ಪಿಸ್ಟನ್ನಿನ ಸೀಲ್ ಸವೆದಿರಬೇಕು. ಹೊಸದು ತರಿಸಿದ್ದೇನೆ, ಆಷಾಢ ಮುಗಿಯುವುದರೊಳಗೆ ಹಾಕಿಬಿಡಬೇಕು.