ಹೊಸ ಬ್ಯಾಟರಿ ಮಾರದೆ ಹಳೆಯದನ್ನೇ ಸರಿ ಮಾಡಿಕೊಟ್ಟರು

ನಮ್ಮದು ಆಗುಂಬೆ ಕಡೆಯ ತೋಟದ ಮನೆ. 100 ವ್ಯಾಟ್ ಸೋಲಾರ್ ಪ್ಯಾನೆಲ್, 12 ವೋಲ್ಟಿನ ನೀರು ಹಾಕುವ ಟ್ಯೂಬುಲರ್ ಬ್ಯಾಟರಿ, ನಾಲ್ಕು ಲೈಟು, ಅಷ್ಟೇ. ಈಚೆಗೆ ಏಳಕ್ಕೆ ಲೈಟು ಹಾಕಿದರೆ ಎಂಟಕ್ಕೆ, ಬ್ಯಾಟರಿ ಪೂರ್ತಿ ಬರಿದಾಗದ ಹಾಗೆ ಕಾಯುವ ಕಂಟ್ರೋಲರ್ ಟಿಕ್ ಅಂತ ಆಫ್. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ "ಬ್ಯಾಟರಿ ಹೋಗಿದೆ, ಹೊಸದು ತಗೊಳ್ಳಿ" ಎಂದರು. ನೋಡದೇ ಹೇಳೋದಾ?

ಆಮೇಲೆ ತೀರ್ಥಹಳ್ಳಿಯ ಒಂದು ಚಿಕ್ಕ ಅಂಗಡಿಯವರನ್ನು ಕರೆಸಿದೆ. ಎರಡು ದಿನ ತಡವಾಗಿ ಬಂದರು, ಅದೊಂದು ಬೇಜಾರು. ಬಂದವರೇ ಬೆಳಗ್ಗೆ ಬಿಸಿಲು ಬೀಳೋ ಮುಂಚೆ ಲೋಡೆಲ್ಲ ಬಿಚ್ಚಿ ಬ್ಯಾಟರಿಗೆ ಮೀಟರ್ ಹಿಡಿದರು. 12.1 ವೋಲ್ಟ್. "ತುಂಬಿದ್ದರೆ 12.7 ಹತ್ತಿರ ಇರಬೇಕು ಮಾರಾಯ್ರೇ, ಇದು ಅರ್ಧ ಹೊಟ್ಟೆಯಲ್ಲೇ ಇದೆ." ಪ್ಲಸ್ ಟರ್ಮಿನಲ್ ಮೇಲೆ ಹಸಿರು-ಬಿಳಿ ಹಿಟ್ಟು ಕೂತಿತ್ತು, ವೈರು ಕೈಯಲ್ಲೇ ಅಲ್ಲಾಡುತ್ತಿತ್ತು. ಅಡುಗೆ ಸೋಡಾದ ನೀರು ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿ ಮಾಡಿ ತೊಳೆದು, ಬಿಗಿದು, ವ್ಯಾಸಲೀನ್ ಹಚ್ಚಿದರು. ಬ್ಯಾಟರಿಯೊಳಗೆ ನೀರು ಕಡಿಮೆಯಾಗಿದ್ದ ಕಡೆ ಡಿಸ್ಟಿಲ್ಡ್ ವಾಟರ್ ಹಾಕಿದರು.

ನಿಜವಾದ ಕಳ್ಳ ಮಾತ್ರ ಮೇಲಿದ್ದ! ಹನ್ನೊಂದಕ್ಕೆ ಅಡಿಕೆ ಸೋಗೆಯ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬೀಳುತ್ತಿತ್ತು. ಒಂದು ಮೂಲೆ ತಾನೇ ಅಂದರೆ, ಸೆಲ್ಲುಗಳು ಸಾಲಾಗಿ ಜೋಡಿಸಿರುವುದರಿಂದ ಉಳಿದವೂ ಮಂಕಾಗುತ್ತವಂತೆ. ಸೋಗೆ ಕಡಿಸಿದೆ. ಕಂಟ್ರೋಲರಿಗೆ ವೈರು ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಬಿಚ್ಚುವಾಗ ಉಲ್ಟಾ ಅಂತ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದೂ ಹೋದರು.

ತಗೊಂಡಿದ್ದು 450 ರೂಪಾಯಿ. ಈಗ ಹನ್ನೊಂದರವರೆಗೆ ಲೈಟು ಉರಿಯುತ್ತದೆ. ಆರಿದ್ರಾ ಮಳೆ ಹಿಡಿದಾಗ ಏನಾಗುತ್ತೋ ನೋಡಬೇಕು, ಸೀಮೆಎಣ್ಣೆ ಬುಡ್ಡಿ ಇನ್ನೂ ಎಸೆದಿಲ್ಲ.